ಐಸ್‌ಕ್ರೀಮ್ ಮೇಲಿನ 'ಚೆರಿ' ನಮ್ಮೂರ ಕರಂಡೆ!

ಫ್ರೂಟ್ ಸಲಾಡ್ ಇರಲಿ, ಫಲೂದಾ ಇರಲಿ, ಮೇಲೊಂದು ಕೆಂಪು ಚೆರಿ ಇಡದೆ ನಮ್ಮ ಹೋಟೆಲುಗಳಿಂದ ಟೇಬಲಿಗೆ ಹೋಗುವುದಿಲ್ಲ. ನಾವೂ ಇಪ್ಪತ್ತು ವರ್ಷ ಹಾಗೆಯೇ ಕಳುಹಿಸಿದವರು.

ಒಂದು ದಿನ ಒಬ್ಬ ತಾಯಿ ಮಗುವಿನ ಕೆಂಪಾದ ನಾಲಗೆಯನ್ನು ಗಲ್ಲದ ಹತ್ತಿರ ತಂದು ತೋರಿಸಿ, "ಅಣ್ಣಾ, ಇದು ಹಣ್ಣೋ ಬಣ್ಣವೋ?" ಎಂದು ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಒಳಗೆ ಹೋಗಿ ನೋಡಿದರೆ ಚೆರಿ ಬಂದದ್ದು ಪ್ಲಾಸ್ಟಿಕ್ ಚೀಲದಲ್ಲಿ, ಲೇಬಲ್ಲೇ ಇಲ್ಲ. ನಮ್ಮ ಭಟ್ರು ಒಂದನ್ನು ಸೀಳಿ ಮೂಸಿ ನೋಡಿ, "ಶೆಟ್ರೇ, ಇದು ಕರಂಡೆ ಕಾಯಿ ಅಲ್ವಾ!" ಎಂದರು. ಸಪ್ಲೈ ಮಾಡುವವನನ್ನು ಕೇಳಿದೆವು. ಎಲ್ಲ ಕಡೆಯೂ ಇದೇ ಹೋಗುವುದು ಎಂದು ನಕ್ಕುಬಿಟ್ಟ.

ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ದೇಶದಲ್ಲಿ ಚೆರಿ ಎಂದು ಮಾರುವುದರಲ್ಲಿ ಬಹಳಷ್ಟು ಕರೋಂದಾವೇ. ಮರಾಠಿಯಲ್ಲಿ ಕರವಂದ, ಮಲೆನಾಡಿನಲ್ಲಿ ಕವಳಿ, ನಮ್ಮ ತುಳುನಾಡಿನಲ್ಲಿ ಕರಂಡೆ. ಘಟ್ಟದ ಗುಡ್ಡಗಳಲ್ಲಿ ಮುಳ್ಳಿನ ಪೊದೆಯಾಗಿ ತಾನಾಗಿ ಬೆಳೆಯುತ್ತದೆ. ಕಾಯಿ ಹಸಿರು, ಅರೆಹಣ್ಣು ಕೆಂಪು, ಪೂರ್ತಿ ಹಣ್ಣಾದರೆ ಕಪ್ಪು. ಕಾಯಿಯ ಬೀಜ ತೆಗೆದು, ಉಪ್ಪುನೀರಿನಲ್ಲಿಟ್ಟು, ಬಣ್ಣ ಕಟ್ಟಿ, ದಿನದಿನಕ್ಕೂ ಸಕ್ಕರೆ ಪಾಕ ಗಟ್ಟಿ ಮಾಡುತ್ತ ಹೋದರೆ 'ಚೆರಿ' ತಯಾರು. ಹಣ್ಣಿನಲ್ಲಿ ತಪ್ಪಿಲ್ಲ, ತಕರಾರು ಬಣ್ಣದ್ದು. ಲೇಬಲಿನಲ್ಲಿ ಐಎನ್‌ಎಸ್ 127 ಎಂದಿದ್ದರೆ ಅದು ಎರಿಥ್ರೋಸಿನ್. 2025ರ ಜನವರಿಯಲ್ಲಿ ಅಮೆರಿಕ ಇದಕ್ಕೆ ಕೊಟ್ಟಿದ್ದ ಅನುಮತಿಯನ್ನು ವಾಪಸು ಪಡೆಯಿತು. ಲೇಬಲೇ ಇಲ್ಲದ ಚೀಲದಲ್ಲಿ ಯಾವ ಬಣ್ಣವೋ ದೇವರೇ ಬಲ್ಲ. ಬಟ್ಟೆಗೆ ಹಾಕುವ ರೊಡಮೈನ್-ಬಿ ಆಗಿದ್ದರೂ ನಮಗೆ ತಿಳಿಯದು. 2024ರ ಮಾರ್ಚ್‌ನಲ್ಲಿ ಕರ್ನಾಟಕದಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ನಿಷೇಧಿಸಿದ್ದು ತಮಗೆ ನೆನಪಿರಬಹುದು. ಇನ್ಸ್‌ಪೆಕ್ಟರ್ ಬಂದರೆ ಹೆಸರು ಕೆಡುವುದು ಹೋಟೆಲಿನದ್ದು, ಸಪ್ಲೈಯವನದ್ದಲ್ಲ.

ಚೆರಿ ನಿಲ್ಲಿಸಿದೆವು. ಕೆಲವು ಗಿರಾಕಿಗಳು ಗೊಣಗಿದರು, ಮಕ್ಕಳಂತೂ ಮುಖ ಊದಿಸಿದರು. ಆಮೇಲೆ ಭಟ್ರದ್ದೇ ಉಪಾಯ. ಬೇಸಗೆಯಲ್ಲಿ ಬುಟ್ಟಿ ಹೊತ್ತು ಬರುವ ಆದಿವಾಸಿ ಹೆಂಗಸರಿಗೆ ಮೊದಲೇ ಹೇಳಿಟ್ಟು ಅರೆಹಣ್ಣಾದ ಕೆಂಪು ಕರಂಡೆ ತರಿಸುತ್ತೇವೆ. ಚೌಕಾಸಿ ಮಾಡುವುದಿಲ್ಲ, ಮುಳ್ಳಿನೊಳಗೆ ಕೈ ಹಾಕಿ ಕೊಯ್ಯುವವರು ಅವರು. ಸೊನೆ ಹೋಗಲು ರಾತ್ರಿಯಿಡೀ ಉಪ್ಪುನೀರಿನಲ್ಲಿಟ್ಟು, ತೊಳೆದು, ಬೇಯಿಸಿ ಸೋಸುವುದು. ರಸದಷ್ಟೇ ಸಕ್ಕರೆ ಹಾಕಿ, ಸೌಟಿನಿಂದ ಹಾಳೆಯಂತೆ ಬೀಳುವವರೆಗೆ ಕುದಿಸುವುದು. ಹುಳಿ ಜಾಸ್ತಿ, ಆದ್ದರಿಂದ ಸ್ಟೀಲ್ ಪಾತ್ರೆಯೇ ಬೇಕು, ಅಲ್ಯೂಮಿನಿಯಮ್ ಬೇಡ. ಅರೆಹಣ್ಣಿನಲ್ಲಿ ಪೆಕ್ಟಿನ್ ಇರುವುದರಿಂದ ಜೆಲ್ಲಿ ತಾನಾಗಿ ಕಟ್ಟುತ್ತದೆ. ಬಣ್ಣ ಚೆರಿಯಷ್ಟು ಹೊಳೆಯುವುದಿಲ್ಲ, ಸ್ವಲ್ಪ ಮಂಕು. ಐಸ್‌ಕ್ರೀಮ್ ಮೇಲೆ ಒಂದು ಚಮಚ ಸಾಕು.

ಇದನ್ನು ಓದಿ ಹುಡುಗರನ್ನು ಗುಡ್ಡಕ್ಕೆ ಅಟ್ಟುವವರಿಗೆ ಒಂದು ಮಾತು. ಕೆಂಪಗೆ ಕಂಡದ್ದೆಲ್ಲ ತಿನ್ನುವುದಲ್ಲ. ಗುಲಗಂಜಿಯೂ ಕೆಂಪೇ, ಜಗಿದರೆ ಪ್ರಾಣಕ್ಕೇ ಕುತ್ತು. ಹಣ್ಣು ಗೊತ್ತಿದ್ದವರಿಂದಲೇ ತರಿಸಿ.

ಆ ತಾಯಿ ಈಗಲೂ ಬರುತ್ತಾರೆ. ಕಳೆದ ಮೇ ತಿಂಗಳಲ್ಲಿ ಜೆಲ್ಲಿಯ ಒಂದು ಬಾಟಲಿ ಮನೆಗೂ ಕಟ್ಟಿಸಿಕೊಂಡು ಹೋದರು.