ಅಧ್ಯಕ್ಷ ಪೀಠಕ್ಕೆ ಮುನ್ನ

ಒಂದೇ ವೃತ್ತಿಯನ್ನು ನಂಬಿ ಬಾಳುವವರು ಒಟ್ಟುಗೂಡಿ ತಮ್ಮದೇ ಆದ ಸಂಘವನ್ನು ಕಟ್ಟಿಕೊಳ್ಳುವುದು ಆಧುನಿಕ ಸಮಾಜದ ಒಂದು ಮುಖ್ಯ ಪದ್ಧತಿಯಾಗಿದೆ. ವೈದ್ಯರಿಗೆ, ವಕೀಲರಿಗೆ, ಇಂಜಿನಿಯರುಗಳಿಗೆ, ಲೆಕ್ಕಪರಿಶೋಧಕರಿಗೆ, ಉಪಾಧ್ಯಾಯರಿಗೆ ಇಂತಹ ಸಂಘಗಳುಂಟು. ಸದಸ್ಯರು ಚಂದಾ ಸಲ್ಲಿಸುತ್ತಾರೆ; ತಮ್ಮಲ್ಲೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುತ್ತಾರೆ. ಹೀಗೆ ಆಯ್ಕೆಯಾದವರು ನಿನ್ನೆಯವರೆಗೆ ಎಲ್ಲರಂತೆ ಸದಸ್ಯರು. ಅವಧಿ ಮುಗಿದ ಮರುದಿನ ಮತ್ತೆ ಸದಸ್ಯರೇ. ಯಾವ ಸದಸ್ಯನ ಸಂಬಳವನ್ನೂ ಕಡಿಯುವ, ಯಾರನ್ನೂ ದೂರದ ಊರಿಗೆ ವರ್ಗಾಯಿಸುವ ಅಧಿಕಾರ ಅವರಿಗಿಲ್ಲ. ಕಚೇರಿಯ ಮೇಲಧಿಕಾರಿಯು ಆಜ್ಞೆಯಿಂದ ಮಾಡಿಸುವುದನ್ನು ಅವರು ಒಪ್ಪಿಗೆಯಿಂದ ಮಾಡಿಸಬೇಕು. ಹಾಗಿದ್ದ ಮೇಲೆ ಇಂತಹ ಪೀಠಕ್ಕೆ ಮಾಡಿಕೊಳ್ಳಬೇಕಾದ ಸಿದ್ಧತೆ ಯಾವುದು?

ಈ ಪ್ರಶ್ನೆಗೆ ಇನ್ನೂರು ವರ್ಷಗಳ ಹಿಂದಿನ ಲಂಡನ್ ನಗರದಲ್ಲಿ ಒಂದು ಒಳ್ಳೆಯ ಉತ್ತರ ದೊರೆಯುತ್ತದೆ. 1818ರ ಜನವರಿ 2ರಂದು ಫ್ಲೀಟ್ ಬೀದಿಯ ಒಂದು ಕಾಫಿಗೃಹದಲ್ಲಿ ಕೆಲವೇ ಮಂದಿ ತರುಣ ಇಂಜಿನಿಯರುಗಳು ಸಭೆ ಸೇರಿದರು. ಅವರಲ್ಲಿ ಮುಂದಾಳು ಹೆನ್ರಿ ಪಾಮರ್ ಎಂಬುವನು. ಅವನಿಗಿನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಸೇತುವೆ, ಕಾಲುವೆ, ರಸ್ತೆ, ಬಂದರುಗಳನ್ನು ಕಟ್ಟುವ ವಿದ್ಯೆಯನ್ನು ಕಲಿಸುವ ಶಾಲೆ ಅಂದು ಆ ನಾಡಿನಲ್ಲಿ ಇರಲಿಲ್ಲವೆಂದೇ ಹೇಳಬೇಕು. ಒಬ್ಬೊಬ್ಬನೂ ತನ್ನ ಗುರುವಿನ ಬಳಿ ಕಲಿತದ್ದಷ್ಟೇ ಅವನ ಬಂಡವಾಳ. ಒಬ್ಬರ ಅನುಭವ ಇನ್ನೊಬ್ಬರಿಗೆ ದಕ್ಕಲೆಂದು ಅವರು ಸಿವಿಲ್ ಇಂಜಿನಿಯರುಗಳ ಸಂಸ್ಥೆಯನ್ನು ಸ್ಥಾಪಿಸಿದರು. ಉದ್ದೇಶವೇನೋ ಉದಾತ್ತವಾಗಿತ್ತು. ಆದರೆ ಎರಡು ವರ್ಷ ಕಳೆದರೂ ಸಂಸ್ಥೆ ಬೆಳೆಯಲಿಲ್ಲ. ಹೆಸರಿಲ್ಲದ ಹುಡುಗರ ಕೂಟಕ್ಕೆ ಹೆಸರಾಂತ ಇಂಜಿನಿಯರುಗಳು ಏಕೆ ಬಂದಾರು? ಕೊನೆಗೆ ಅವರು ಥಾಮಸ್ ಟೆಲ್ಫರ್ಡನನ್ನು ತಮ್ಮ ಅಧ್ಯಕ್ಷನಾಗುವಂತೆ ಕೇಳಿಕೊಂಡರು. 1820ರಲ್ಲಿ ಅವನು ಒಪ್ಪಿದನು.

ಟೆಲ್ಫರ್ಡನು ಹುಟ್ಟಿದುದು 1757ರಲ್ಲಿ, ಸ್ಕಾಟ್ಲೆಂಡಿನ ಗುಡ್ಡಗಾಡಿನ ಒಂದು ಕುರುಬರ ಕುಟುಂಬದಲ್ಲಿ. ಕೂಸು ಕಣ್ಣು ಬಿಟ್ಟ ಕೆಲವೇ ತಿಂಗಳುಗಳಲ್ಲಿ ತಂದೆ ತೀರಿಕೊಂಡನು. ಬಾಲಕನು ಕಲ್ಲುಕುಟಿಗನ ಬಳಿ ಕೆಲಸಕ್ಕೆ ಸೇರಿ, ಉಳಿ ಸುತ್ತಿಗೆ ಹಿಡಿದು ಜೀವನವನ್ನು ಆರಂಭಿಸಿದನು. ಬಿಡುವಿನಲ್ಲಿ ಪುಸ್ತಕಗಳನ್ನು ಓದಿ ವಿದ್ಯಾವಂತನಾದನು. ಮುಂದೆ ಸ್ಕಾಟ್ಲೆಂಡಿನ ಮಲೆನಾಡಿನಲ್ಲಿ 900 ಮೈಲಿಗೂ ಮಿಕ್ಕಿದ ರಸ್ತೆಗಳನ್ನು ಅವನ ನೇತೃತ್ವದಲ್ಲಿ ಹಾಕಲಾಯಿತು. ಇಷ್ಟು ಹರವಾದ ಕೆಲಸವನ್ನು ಒಬ್ಬನೇ ನೋಡಿಕೊಳ್ಳುವುದು ಅಸಾಧ್ಯ. ನಂಬಿಕೆಗೆ ಅರ್ಹರಾದ ಸಹಾಯಕರನ್ನು ಗುರುತಿಸುವುದು, ಹೊಣೆಯನ್ನು ಅವರಿಗೆ ವಹಿಸುವುದು, ದೂರದಿಂದಲೇ ಲೆಕ್ಕಪತ್ರಗಳ ಮೇಲೆ ಕಣ್ಣಿಡುವುದು, ಇವೆಲ್ಲ ಅವನಿಗೆ ರೂಢಿಯಾಗಿದ್ದವು. ಅಧ್ಯಕ್ಷ ಪೀಠವನ್ನು ಏರಿದಾಗ ಅವನಿಗೆ ಅರವತ್ತೆರಡು ವರ್ಷ. ತನಗೇ ಅರಿವಿಲ್ಲದೆ ನಲವತ್ತು ವರ್ಷ ಅವನು ಅದಕ್ಕೆ ಸಿದ್ಧನಾಗುತ್ತಿದ್ದನು.

ಕೇವಲ ತನ್ನ ಹೆಸರನ್ನು ಸಾಲ ಕೊಟ್ಟು ಸುಮ್ಮನಿರುವ ಅಧ್ಯಕ್ಷರು ಅಂದೂ ಇದ್ದರು, ಇಂದೂ ಇದ್ದಾರೆ. ಟೆಲ್ಫರ್ಡನು ಹಾಗೆ ಮಾಡಲಿಲ್ಲ. ತನ್ನ ಪುಸ್ತಕಗಳನ್ನೂ ನಕ್ಷೆಗಳನ್ನೂ ಕೊಟ್ಟು ಸಂಸ್ಥೆಯ ಗ್ರಂಥಾಲಯಕ್ಕೆ ಅಡಿಪಾಯ ಹಾಕಿದನು. ಸಭೆಗಳಿಗೆ ತಪ್ಪದೆ ಬಂದನು. ಸದಸ್ಯರು ಓದಿದ ಪ್ರಬಂಧಗಳನ್ನೂ ಅವುಗಳ ಮೇಲೆ ನಡೆದ ಚರ್ಚೆಯನ್ನೂ ಬರೆದಿಡುವ ಪದ್ಧತಿಯನ್ನು ಆರಂಭಿಸಿದನು. ಇತರ ದೇಶಗಳಲ್ಲಿ ಇಂತಹ ಸಂಸ್ಥೆಗಳನ್ನು ಸರಕಾರವೇ ನಡೆಸುತ್ತದೆ, ಇಲ್ಲಿ ಹಾಗಲ್ಲ, ಪ್ರತಿಯೊಬ್ಬ ಸದಸ್ಯನ ನಡತೆ ಮತ್ತು ಶ್ರಮದ ಮೇಲೆಯೇ ಸಂಸ್ಥೆಯ ಉಳಿವು ನಿಂತಿದೆ ಎಂದು ಆರಂಭದ ಭಾಷಣದಲ್ಲಿಯೇ ಅವನು ತಿಳಿಸಿದನು. ಎಂಟು ವರ್ಷಗಳ ತರುವಾಯ, 1828ರಲ್ಲಿ, ಸಂಸ್ಥೆಗೆ ರಾಜಸನ್ನದು ದೊರೆಯಿತು.

ಟೆಲ್ಫರ್ಡನು 1834ರಲ್ಲಿ ಮರಣ ಹೊಂದುವವರೆಗೂ ಅಧ್ಯಕ್ಷನಾಗಿದ್ದನು. ಅವನ ನಂತರ ಬಂದ ಜೇಮ್ಸ್ ವಾಕರ್ ಹನ್ನೊಂದು ವರ್ಷ ಆ ಪೀಠದಲ್ಲಿದ್ದನು. ಕ್ರಮೇಣ ಅವಧಿ ಕಿರಿದಾಯಿತು; ಇಂದು ಅಲ್ಲಿಯ ಅಧ್ಯಕ್ಷರ ಅವಧಿ ಒಂದೇ ವರ್ಷ. ಪೀಠವು ಒಬ್ಬರ ಸ್ವತ್ತಾಗದಿರಲಿ ಎಂಬ ದೃಷ್ಟಿಯಿಂದ ಇದು ಸರಿಯೇ. ಆದರೆ ಒಂದು ತೊಡಕುಂಟು. ಆರು ತಿಂಗಳು ಕಲಿಯುವುದರಲ್ಲಿ ಕಳೆದರೆ ದುಡಿಯಲು ಉಳಿಯುವುದು ಆರೇ ತಿಂಗಳು. ಆದುದರಿಂದ ಕಲಿಕೆಯೆಲ್ಲ ಪೀಠವನ್ನು ಏರುವುದಕ್ಕೆ ಮೊದಲೇ ಮುಗಿದಿರಬೇಕು. 1847ರಲ್ಲಿ ಸ್ಥಾಪಿತವಾದ ಅಮೆರಿಕದ ವೈದ್ಯರ ಸಂಘದಲ್ಲಿ ಇದಕ್ಕೊಂದು ಏರ್ಪಾಡಿದೆ. ಆಯ್ಕೆಯಾದವರು ಒಂದು ವರ್ಷ ನಿಯೋಜಿತ ಅಧ್ಯಕ್ಷರು, ಮರುವರ್ಷ ಅಧ್ಯಕ್ಷರು, ಅದರ ಮರುವರ್ಷ ನಿಕಟಪೂರ್ವ ಅಧ್ಯಕ್ಷರು. ನಮ್ಮ ದೇಶದಲ್ಲಿ 1949ರ ಕಾಯಿದೆಯಿಂದ ಹುಟ್ಟಿದ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಆಡಳಿತ ಮಂಡಲಿಯು ಪ್ರತಿ ವರ್ಷ ಅಧ್ಯಕ್ಷರೊಡನೆ ಒಬ್ಬ ಉಪಾಧ್ಯಕ್ಷರನ್ನೂ ಆರಿಸುತ್ತದೆ. ಉಪಾಧ್ಯಕ್ಷರೇ ಮುಂದಿನ ವರ್ಷ ಅಧ್ಯಕ್ಷರಾಗುವುದು ವಾಡಿಕೆ.

ಈ ಕಾದಿರುವ ವರ್ಷದಲ್ಲಿ ಮಾಡಬೇಕಾದುದೇನು? ಮೊದಲನೆಯದಾಗಿ ಸಂಘದ ನಿಯಮಾವಳಿಯನ್ನು ಅಕ್ಷರಶಃ ಓದಬೇಕು. ಸರ್ವಸದಸ್ಯರ ಸಭೆಗೆ ಎಷ್ಟು ದಿನ ಮುಂಚೆ ತಿಳಿವಳಿಕೆ ಪತ್ರ ಹೋಗಬೇಕು, ಎಷ್ಟು ಮಂದಿ ಕೂಡಿದರೆ ಸಭೆ ಊರ್ಜಿತ, ಯಾವ ನಿರ್ಣಯಕ್ಕೆ ಸಾಮಾನ್ಯ ಬಹುಮತ ಸಾಲದು ಎಂಬುದನ್ನು ಅರಿಯದವರು ಒಳ್ಳೆಯ ಕೆಲಸವನ್ನು ಮಾಡಹೋಗಿಯೂ ಮುಗ್ಗರಿಸುತ್ತಾರೆ. ಕರ್ನಾಟಕದಲ್ಲಿ 1960ರ ಸಂಘಗಳ ನೋಂದಣಿ ಕಾಯಿದೆಯಂತೆ ದಾಖಲಾದ ಸಂಘವು ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯನ್ನು ಕರೆಯಲೇಬೇಕು. ಅನಂತರ ಹಿಂದಿನ ವರ್ಷಗಳ ನಡವಳಿ ಪುಸ್ತಕಗಳನ್ನೂ ಜಮಾಖರ್ಚಿನ ತಃಖ್ತೆಯನ್ನೂ ನೋಡಬೇಕು. ನಡವಳಿ ಪುಸ್ತಕದಷ್ಟು ನೀರಸವಾದ ಓದು ಇನ್ನೊಂದಿಲ್ಲ. ಆದರೆ ಯಾವ ಜಗಳ ಯಾವಾಗ ಮೊಳೆಯಿತು, ಯಾವ ವಾಗ್ದಾನ ಈಡೇರದೆ ಉಳಿಯಿತು ಎಂಬುದು ಅಲ್ಲಿಯಲ್ಲದೆ ಬೇರೆಲ್ಲಿಯೂ ಸಿಕ್ಕದು. ಜಿಲ್ಲೆಗಳ ಸದಸ್ಯರನ್ನೂ, ಸಭೆಗಳಲ್ಲಿ ತುಟಿ ಬಿಚ್ಚದೆ ಹಿಂದಿನ ಸಾಲಿನಲ್ಲಿ ಕೂಡುವವರನ್ನೂ ಕಂಡು ಮಾತನಾಡಿಸಬೇಕು. ಸಂಘದ ಕಚೇರಿಯಲ್ಲಿ ಬಹುಕಾಲದಿಂದ ದುಡಿಯುತ್ತಿರುವ ಗುಮಾಸ್ತರಿಗೆ ತಿಳಿದಿರುವಷ್ಟು ಸಂಗತಿ ಅನೇಕ ಅಧ್ಯಕ್ಷರಿಗೂ ತಿಳಿದಿರುವುದಿಲ್ಲ.

ಇವೆಲ್ಲಕ್ಕಿಂತ ಕಠಿಣವಾದ ಸಿದ್ಧತೆ ಮನಸ್ಸಿನದು. ವೃತ್ತಿಸಂಘಕ್ಕೆ ಇಬ್ಬರು ಒಡೆಯರು. ಚಂದಾ ಕೊಡುವ ಸದಸ್ಯರು ಒಬ್ಬರು; ಆ ವೃತ್ತಿಯನ್ನು ನಂಬಿ ಸೇತುವೆಯನ್ನು ದಾಟುವ, ಔಷಧವನ್ನು ಕುಡಿಯುವ ಜನರು ಇನ್ನೊಬ್ಬರು. ಈ ಎರಡನೆಯವರಿಗೆ ಸಂಘದಲ್ಲಿ ಮತವಿಲ್ಲ. ಒಂದು ಸೇತುವೆ ಬಿರುಕು ಬಿಟ್ಟಿತೆಂದು ಭಾವಿಸೋಣ. ಅದನ್ನು ಕಟ್ಟಿಸಿದವರು ಅಧ್ಯಕ್ಷರ ಸಹಪಾಠಿ. ಚುನಾವಣೆಯಲ್ಲಿ ಅವರಿಗಾಗಿ ಓಡಾಡಿದವರು. ದೂರು ಸಂಘದ ಮುಂದೆ ಬರುತ್ತದೆ. ನಮ್ಮವರನ್ನು ನಾವೇ ಕಾಪಾಡದಿದ್ದರೆ ಸಂಘವೇಕೆ ಎಂದು ಸದಸ್ಯರು ಕೇಳುತ್ತಾರೆ. ಆಪಾದಿತರ ಮಾತನ್ನು ಪೂರ್ಣವಾಗಿ ಕೇಳುವುದು ನ್ಯಾಯ. ದೂರನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದು ನ್ಯಾಯವಲ್ಲ. ಅಂತಹ ದೂರಿನ ವಿಚಾರಣೆಯಿಂದ ತಾವು ದೂರ ಸರಿದು ಪೀಠವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದಾಗಿ ಅಧಿಕಾರ ವಹಿಸಿಕೊಳ್ಳುವ ದಿನವೇ ಹೇಳಿಬಿಟ್ಟವರಿಗೆ ದೂರು ಬಂದ ದಿನ ಹಾಗೆ ನಡೆಯುವುದು ಅಷ್ಟು ಕಷ್ಟವಾಗುವುದಿಲ್ಲ. ದೂರು ಬಂದ ಮೇಲೆ ಯೋಚಿಸತೊಡಗಿದವರ ಕೈಯನ್ನು ಅಷ್ಟರಲ್ಲಿ ಸ್ನೇಹವೂ ಋಣವೂ ಹಿಡಿದಿರುತ್ತವೆ.