ಕಾಲು ಭಾಗ ಇಳಿದರೂ ಅದು ಗೆಲುವೇ

ತೂಕ ಇಳಿಸುವ ಬೇರಿಯಾಟ್ರಿಕ್ ಆಪರೇಷನ್‌ಗೆ ಮನಸ್ಸು ಮಾಡಿದವರು ಮೊದಲು ಕೇಳುವುದು ಒಂದೇ ಮಾತು: ಎಷ್ಟು ತೂಕ ಇಳಿಯುತ್ತದೆ? ಉತ್ತರ ಹೆಚ್ಚಾಗಿ ಶೇಕಡಾ ಲೆಕ್ಕದಲ್ಲಿ ಬರುತ್ತದೆ. ಶೇ 60 ಎಂದು ಕೇಳಿದವರು ಅದನ್ನು ಇಡೀ ಮೈತೂಕಕ್ಕೆ ಗುಣಿಸಿಕೊಂಡರೆ ನಿರಾಸೆಗೆ ಅಲ್ಲೇ ಬೀಜ ಬಿತ್ತಿದಂತೆ. ಆ ಶೇಕಡಾ ಮೈತೂಕದ್ದಲ್ಲ, ‘ಹೆಚ್ಚುವರಿ ತೂಕ’ದ್ದು. 157 ಸೆಂ.ಮೀ. ಎತ್ತರದ, 110 ಕೆ.ಜಿ. ತೂಗುವ ಹೆಣ್ಣುಮಗಳೊಬ್ಬಳ ಲೆಕ್ಕ ನೋಡಿ. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 25ಕ್ಕೆ ಬರಬೇಕಾದರೆ ಆಕೆ 62 ಕೆ.ಜಿ. ಇರಬೇಕು, ಅಂದರೆ ಹೆಚ್ಚುವರಿ 48. ಅದರ ಶೇ 60 ಎಂದರೆ 29 ಕೆ.ಜಿ. ಒಂದೂವರೆ ವರ್ಷದಲ್ಲಿ ಆಕೆ 81 ಕೆ.ಜಿ.ಗೆ ಬಂದರೆ ಚಿಕಿತ್ಸೆ ಚೆನ್ನಾಗಿಯೇ ಫಲಿಸಿದೆ ಎಂದರ್ಥ. ಮೈತೂಕದಲ್ಲಿ ಇಳಿದದ್ದು ಕಾಲು ಭಾಗಕ್ಕಿಂತ ತುಸು ಹೆಚ್ಚು. ಬಿಎಂಐ ಆಗಲೂ 33ರ ಹತ್ತಿರ. ಅರವತ್ತು ಕೆ.ಜಿ.ಯ ಕನಸು ಕಂಡವಳಿಗೆ ಇದು ಸೋಲಿನಂತೆ ಕಾಣುತ್ತದೆ. ಆದರೆ ಈ ಚಿಕಿತ್ಸೆಯ ನಿಜವಾದ ಫಲ ಇದೇ, ಮತ್ತು ಇದು ದೊಡ್ಡ ಫಲ. ಇದನ್ನು ಆಪರೇಷನ್‌ಗೆ ಮೊದಲೇ ಮನೆಮಂದಿಗೆಲ್ಲ ತಿಳಿಸಿಬಿಡಬೇಕು ಎಂಬುದು ನನ್ನ ವಾದ.

ಇದಕ್ಕೆ ಆಧಾರವಿದೆ. 1987ರಲ್ಲಿ ಆರಂಭವಾದ ಸ್ವೀಡನ್ನಿನ ದೀರ್ಘ ಅಧ್ಯಯನದಲ್ಲಿ ಜಠರವನ್ನು ಕಿರಿದಾಗಿಸಿ ನೇರ ಕರುಳಿಗೆ ಜೋಡಿಸುವ ‘ಬೈಪಾಸ್’ ಮಾಡಿಸಿಕೊಂಡವರು ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ 32ರಷ್ಟು ಮೈತೂಕ ಕಳೆದುಕೊಂಡಿದ್ದರು. ಹತ್ತನೇ ವರ್ಷಕ್ಕೆ ಆ ಇಳಿಕೆ ಶೇ 25ಕ್ಕೆ ಬಂದಿತ್ತು. ನಮ್ಮಲ್ಲಿ ಹೆಚ್ಚು ನಡೆಯುವುದು ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುವ ‘ಸ್ಲೀವ್’. ಫಿನ್‌ಲ್ಯಾಂಡಿನಲ್ಲಿ 240 ಜನರ ಮೇಲೆ ನಡೆದ ಪ್ರಯೋಗದ ಹತ್ತು ವರ್ಷದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು: ಸ್ಲೀವ್‌ನವರಲ್ಲಿ ಹೆಚ್ಚುವರಿ ತೂಕದ ಶೇ 43.5, ಬೈಪಾಸ್‌ನವರಲ್ಲಿ ಶೇ 50.7 ಇಳಿಕೆ ಉಳಿದಿತ್ತು. ನಮ್ಮ ಲೆಕ್ಕದ ಹೆಣ್ಣುಮಗಳು ಸ್ಲೀವ್ ಮಾಡಿಸಿಕೊಂಡಿದ್ದರೆ ಹತ್ತು ವರ್ಷದ ಮೇಲೆ 89ರ ಆಸುಪಾಸಿನಲ್ಲಿರಬಹುದು. ತೂಕ ಹೀಗೆ ಸ್ವಲ್ಪ ಮರಳಿದ ಕೂಡಲೇ ‘ಬಾಯಿ ಕಟ್ಟಲಿಲ್ಲ’ ಎಂದು ಬೈಯುವವರು ಮನೆಯಲ್ಲೇ ಇರುತ್ತಾರೆ. ಇದು ಅನ್ಯಾಯ. ಕಳೆದುಕೊಂಡ ಕೊಬ್ಬನ್ನು ಮತ್ತೆ ಕೂಡಿಹಾಕಲು ದೇಹವೇ ಹಸಿವನ್ನು ಹೆಚ್ಚಿಸುತ್ತದೆ, ಶಕ್ತಿಯ ಖರ್ಚನ್ನು ತಗ್ಗಿಸುತ್ತದೆ. ಆಪರೇಷನ್ ಆ ಎಳೆತವನ್ನು ಸಡಿಲಿಸುತ್ತದೆ, ಇಲ್ಲವಾಗಿಸುವುದಿಲ್ಲ.

ಇಷ್ಟಕ್ಕಾಗಿ ಹೊಟ್ಟೆ ಕೊಯ್ಸಿಕೊಳ್ಳಬೇಕೆ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಉತ್ತರ ತಕ್ಕಡಿಯಲ್ಲಿಲ್ಲ, ರಕ್ತಪರೀಕ್ಷೆಯ ಚೀಟಿಯಲ್ಲಿದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ಸಕ್ಕರೆ ಕಾಯಿಲೆಯ 150 ಜನರನ್ನು ಮೂರು ಗುಂಪು ಮಾಡಿ ಚಿಕಿತ್ಸೆ ಕೊಟ್ಟರು. ಐದು ವರ್ಷದ ಬಳಿಕ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಶೇ 6 ಅಥವಾ ಅದಕ್ಕಿಂತ ಕಡಿಮೆ ಇದ್ದವರು ಔಷಧಿ ಮಾತ್ರದ ಗುಂಪಿನಲ್ಲಿ ಶೇ 5, ಸ್ಲೀವ್‌ನಲ್ಲಿ ಶೇ 23, ಬೈಪಾಸ್‌ನಲ್ಲಿ ಶೇ 29. ಸ್ವೀಡನ್ನಿನ ಅಧ್ಯಯನದಲ್ಲಿ ಆಪರೇಷನ್ ಆದವರು ಆಗದ ಸ್ಥೂಲಕಾಯರಿಗಿಂತ ಸರಾಸರಿ ಮೂರು ವರ್ಷ ಹೆಚ್ಚು ಬದುಕಿದರು. ಮೊಣಕಾಲಿನ ಮೇಲಿಂದ 25 ಕೆ.ಜಿ. ಇಳಿದರೆ ನಡಿಗೆ ಹಗುರಾಗುತ್ತದೆ. ಗೊರಕೆಯ ನಡುವೆ ಉಸಿರು ಕಟ್ಟುವುದು ತಗ್ಗುತ್ತದೆ. 2025ರಲ್ಲಿ ಭಾರತಕ್ಕೆ ಬಂದ, ತೂಕ ಇಳಿಸುವ ಹೊಸ ಇಂಜೆಕ್ಷನ್‌ಗಳು ಸಾಲದೇ ಎಂದರೆ, ಕೆಲವರಿಗೆ ಸಾಕಾಗಬಹುದು. ಆದರೆ ಅವನ್ನು ನಿಲ್ಲಿಸಿದವರಲ್ಲಿ ಬಹುಪಾಲು ತೂಕ ಮರಳಿ ಬಂದಿದೆ. ವರ್ಷಗಟ್ಟಲೆ ತೆಗೆದುಕೊಳ್ಳುವ ಖರ್ಚನ್ನೂ ಲೆಕ್ಕ ಹಾಕಬೇಕು.

ಫಲ ಉಳಿಯುವುದು ಮನೆಗೆ ಬಂದ ಮೇಲಿನ ದಿನಚರಿಯಿಂದ, ಮತ್ತು ನಮ್ಮ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳಲ್ಲಿ ಅದಕ್ಕೆ ತನ್ನದೇ ಕಷ್ಟಗಳಿವೆ. ವಾಡಿ, ಚಿತ್ತಾಪುರ, ಸೇಡಂನವರಿಗೆ ಹೈದರಾಬಾದಿಗೆ ನೇರ ರೈಲು ಮಾರ್ಗವಿದೆ, ಶಹಾಬಾದಿನವರಿಗೆ ಕಲಬುರಗಿ ಹತ್ತಿರ; ಚಿಂಚೋಳಿಗೆ ರೈಲೇ ಇಲ್ಲ. ದೊಡ್ಡ ಊರಿಗೆ ಹೋಗಿ ಒಮ್ಮೆ ಆಪರೇಷನ್ ಮಾಡಿಸಿ ಬರುವುದು ಸುಲಭ, ವರ್ಷ ವರ್ಷ ತಪಾಸಣೆಗೆ ಹೋಗುವುದು ಕಷ್ಟ. ಇನ್ನು ಊಟ. ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕು ಎನ್ನುತ್ತಾರೆ ವೈದ್ಯರು. ತೊಗರಿಯ ನಾಡು ನಮ್ಮದು, ಬೇಳೆ ಇದ್ದೇ ಇದೆ ಎಂದುಕೊಳ್ಳುತ್ತೇವೆ. ಆದರೆ ಬೇಯಿಸಿದ ಬೇಳೆಯ ಸಣ್ಣ ಬಟ್ಟಲಿನಲ್ಲಿ ಸಿಗುವುದು ಐದಾರು ಗ್ರಾಂ. ಒಮ್ಮೆಗೆ ಅರ್ಧ ಬಟ್ಟಲೂ ಹಿಡಿಸದ ಜಠರಕ್ಕೆ ಹತ್ತು ಬಟ್ಟಲು ಬೇಳೆ ಆಗದ ಮಾತು. ಮೊಟ್ಟೆ, ಪನೀರು, ಗಟ್ಟಿ ಮೊಸರು, ವೈದ್ಯರು ಹೇಳಿದರೆ ಪ್ರೋಟೀನ್ ಪುಡಿ ತಾಟಿನಲ್ಲಿ ಮೊದಲು ಬರಬೇಕು, ಜೋಳದ ರೊಟ್ಟಿ ಆಮೇಲೆ. ಮಿರ್ಚಿ ಭಜಿ, ಸಕ್ಕರೆ ಹಾಕಿದ ಚಹಾ ಮೆತ್ತಗೆ ಇಳಿದುಹೋಗುತ್ತವೆ. ತೂಕ ಮರಳಿ ಬರುವ ದಾರಿಯೂ ಅದೇ. ಬೈಪಾಸ್ ಆದವರು ಹೋಳಿಗೆ ತಿಂದರೆ ಕೆಲವೊಮ್ಮೆ ಎದೆ ಡವಡವಿಸಿ ಬೆವರು ಕಿತ್ತು ಭೇದಿಯಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ನೀರಿನ ವಿಷಯದಲ್ಲಿ. ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುವ ಊರುಗಳಿವು. ಕೊನೆಯ ಪಕ್ಷ ಒಂದೂವರೆ ಲೀಟರ್ ನೀರು ಬೇಕು, ಗಟಗಟ ಕುಡಿಯಲು ಬರುವುದಿಲ್ಲ, ಊಟದ ಜೊತೆಗೂ ಸಲ್ಲದು. ದಿನವಿಡೀ ಗುಟುಕು ಗುಟುಕಾಗಿ ಕುಡಿಯಬೇಕು. ಹಾಗಾಗಿ ಆಪರೇಷನ್ ದಿನಾಂಕವನ್ನು ಸಾಧ್ಯವಾದರೆ ಏಪ್ರಿಲ್–ಮೇ ಬಿಟ್ಟು ಇಟ್ಟುಕೊಳ್ಳುವುದು ವಾಸಿ. ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ ಎನ್ನುತ್ತದೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅದರ ಮೇಲೆ ಈ ಆಪರೇಷನ್ನೂ ಆದರೆ ಕಬ್ಬಿಣ, ಬಿ12, ಕ್ಯಾಲ್ಸಿಯಂ ಜೀವನಪೂರ್ತಿ ತಪ್ಪಬಾರದು; ಕಬ್ಬಿಣದ ಮಾತ್ರೆಯನ್ನು ಚಹಾದ ಹೊತ್ತಿಗೆ ನುಂಗಬಾರದು. ಮದುವೆಗೆ ಮುಂಚೆ ಮಗಳ ತೂಕ ಇಳಿಸೋಣ ಎಂದು ಯೋಚಿಸುವ ತಂದೆತಾಯಿಗಳೂ ಒಂದು ತಿಳಿಯಬೇಕು: ಆಪರೇಷನ್ ಆದ ಮೇಲೆ ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸಬಾರದು.

ಹೀಗೆ ಬಿಡಿಸಿ ಹೇಳಿದರೆ ಜನ ಹೆದರಿ ಬೇಕಾದ ಚಿಕಿತ್ಸೆಯನ್ನೇ ಬಿಟ್ಟಾರು ಎಂಬ ಆಕ್ಷೇಪ ಇದ್ದೇ ಇದೆ. ನಾನು ಒಪ್ಪುವುದಿಲ್ಲ. ಅರವತ್ತಕ್ಕೆ ಇಳಿಯುತ್ತೇನೆಂದು ನಂಬಿದವರು ಎಂಬತ್ತಕ್ಕೆ ನಿಂತಾಗ ನಾಚಿ ಆಸ್ಪತ್ರೆಗೆ ಹೋಗುವುದನ್ನೇ ಬಿಡುತ್ತಾರೆ, ಮಾತ್ರೆಯೂ ಅಲ್ಲಿಗೆ ನಿಲ್ಲುತ್ತದೆ. ಈ ಆಪರೇಷನ್ ಅಂದಕ್ಕಾಗಿ ಕೊಬ್ಬು ಹೀರಿ ತೆಗೆಸುವ ಲೈಪೊಸಕ್ಷನ್ ಅಲ್ಲ. ತೂಕ ಇಳಿದಾಗ ಜೋಲುವ ಚರ್ಮ, ಕೆಲವು ತಿಂಗಳ ಕೂದಲು ಉದುರುವಿಕೆ ಇದರ ಜೊತೆಗೇ ಬರುತ್ತವೆ. ವಿಮಾ ನಿಯಮವೂ ಇದನ್ನು ಕಾಯಿಲೆಯ ಚಿಕಿತ್ಸೆಯಾಗಿಯೇ ನೋಡುತ್ತದೆ: ಬಿಎಂಐ 40 ಇರಬೇಕು, ಇಲ್ಲವೇ ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥ ತೊಂದರೆಯೊಂದಿಗೆ 35. ಆದ್ದರಿಂದ ಆಸ್ಪತ್ರೆಗೆ ಮುಂಗಡ ಕಟ್ಟುವ ಮೊದಲು, ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಐದು ವರ್ಷದ ಮೇಲೆ ನನ್ನ ತೂಕ ಎಷ್ಟು ಕೆ.ಜಿ. ಇರಬಹುದು, ಸಕ್ಕರೆ ಮಾತ್ರೆ ಎಷ್ಟು ಉಳಿಯಬಹುದು ಎಂದು ಸರ್ಜನ್‌ರನ್ನು ಕೇಳಿ. ಉತ್ತರವನ್ನು ಶೇಕಡಾ ಲೆಕ್ಕದಲ್ಲಿ ಬೇಡ, ಕಿಲೋ ಲೆಕ್ಕದಲ್ಲಿ ಬರೆಸಿಕೊಳ್ಳಿ.