ನಿಯತಕಾಲಿಕೆಗಳ ಸಂಗ್ರಹಣೆ ಮತ್ತು ರಟ್ಟುಕಟ್ಟು: ಬೀದರ ಗಡಿಭಾಗದ ದೃಷ್ಟಿಯಿಂದ

ಓಲೆಗರಿಯ ಕಟ್ಟಿನಲ್ಲಿ ಕೊನೆಯ ಗರಿಗಿರುವ ಬೆಲೆಯನ್ನು ಹಸ್ತಪ್ರತಿಗಳ ಅಭ್ಯಾಸಿಗಳಿಗೆ ಹೇಳಬೇಕಾದುದಿಲ್ಲ. ಲಿಪಿಕಾರನ ಹೆಸರು, ಪ್ರತಿಮಾಡಿದ ಕಾಲ, ಬರೆಯಿಸಿದವರ ವಿವರ ದೊರೆಯುವುದು ಸಾಮಾನ್ಯವಾಗಿ ಅಲ್ಲಿಯ ಪುಷ್ಪಿಕೆಯಲ್ಲಿಯೇ. ಮುದ್ರಿತ ನಿಯತಕಾಲಿಕೆಯಲ್ಲಿ ಈ ಸ್ಥಾನ ಹೊದಿಕೆಯ ಪುಟದ್ದು. ತಿಂಗಳು, ಚಂದಾದರ, ಮುದ್ರಣಾಲಯದ ಹೆಸರು ಎಷ್ಟೋ ವೇಳೆ ಅದರಲ್ಲಿ ಮಾತ್ರ ಇರುತ್ತವೆ. ಆದರೂ ವರ್ಷದ ಸಂಚಿಕೆಗಳನ್ನು ಕೂಡಿಸಿ ರಟ್ಟು ಹಾಕಿಸುವಾಗ ಹೊದಿಕೆಯನ್ನೂ ಜಾಹೀರಾತಿನ ಹಾಳೆಗಳನ್ನೂ ಕಿತ್ತೊಗೆಯುವ ವಾಡಿಕೆ ಅನೇಕ ಗ್ರಂಥಾಲಯಗಳಲ್ಲಿ ಬೆಳೆದುಬಂದಿತು.

ಬೀದರ, ಭಾಲ್ಕಿ, ಔರಾದಗಳಂತಹ ಗಡಿಭಾಗದಲ್ಲಿ ಈ ನಷ್ಟ ಇನ್ನೂ ದೊಡ್ಡದು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಪ್ರದೇಶ ಹೈದರಾಬಾದು ರಾಜ್ಯದಲ್ಲಿದ್ದಿತು. ನಿಜಾಮರ ಆಳ್ವಿಕೆಯಲ್ಲಿ ಉರ್ದುವೇ ಆಡಳಿತ ಭಾಷೆ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಪ್ರಸಿದ್ಧವೇ ಆಗಿದೆ. ಕರ್ಣಾಟಕ ಸಾಹಿತ್ಯ ಪರಿಷತ್ಪತ್ರಿಕೆ (1916), ಪ್ರಬುದ್ಧ ಕರ್ಣಾಟಕ (1919), ಫ. ಗು. ಹಳಕಟ್ಟಿಯವರ ಶಿವಾನುಭವ (1926) ಮೊದಲಾದವುಗಳ ಹಳೆಯ ಸಂಪುಟಗಳನ್ನು ಇಲ್ಲಿ ಚಂದಾದಾಖಲೆಯಲ್ಲಿ ಹುಡುಕುವುದಕ್ಕಿಂತ ಮಠ-ಮನೆಗಳ ಅಟ್ಟದಲ್ಲಿ ಹುಡುಕುವುದು ಮೇಲು. ಔರಾದದ ಕಡೆ ಮರಾಠಿ, ಬೀದರ ನಗರದಲ್ಲಿ ಉರ್ದು ಪತ್ರಿಕೆಗಳಿಗೂ ಇದೇ ಗಮನ ಸಲ್ಲಬೇಕು. 1472ರಲ್ಲಿ ಮಹಮೂದ್ ಗಾವಾನನು ಕಟ್ಟಿಸಿದ ಮದರಸಾದಲ್ಲಿ 3000 ಗ್ರಂಥಗಳಿದ್ದುವೆಂದು ಪ್ರತೀತಿ. ಕಟ್ಟಡದ ಭಾಗಗಳು ಉಳಿದಿವೆ, ಭಂಡಾರ ಉಳಿದಿಲ್ಲ.

ಈಚಿನ ಒಲವು ಗಣಕದ ಕಡೆಗೆ. 2025ರ ಜನವರಿಯಲ್ಲಿ ಆರಂಭವಾದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಿಂದ 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ವಿದ್ವತ್ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದವು. ವಿಜ್ಞಾನದ ವಿದ್ಯಾರ್ಥಿಗೆ ಇದು ನಿಜವಾದ ಉಪಕಾರ. ಆದರೆ ಕನ್ನಡದ ಸಂಶೋಧನ ತ್ರೈಮಾಸಿಕಗಳು ಆ ಪ್ರಕಾಶಕರವಲ್ಲ. ‘ಪತ್ರಿಕೆಗಳೆಲ್ಲ ಗಣಕದಲ್ಲಿವೆಯಲ್ಲ’ ಎಂದು ರಟ್ಟುಕಟ್ಟಿನ ಹಣವನ್ನೇ ಕಡಿದುಹಾಕಿದರೆ ಕೆಡುವುದು ಇವೇ. ಇಂಗ್ಲಿಷ್ ಪತ್ರಿಕೆಗಳ ಕಡೆ ಉಳಿದ ಹಣವನ್ನು ದೇಶಭಾಷೆಯ ಸಂಚಿಕೆಗಳ ರಕ್ಷಣೆಗೆ ತಿರುಗಿಸುವುದೇ ಯುಕ್ತವೆಂದು ನನ್ನ ಅಭಿಪ್ರಾಯ.

ರಟ್ಟುಕಟ್ಟುವವನಿಗೆ ಕೆಲವು ಸೂಚನೆಗಳನ್ನು ಬರೆದೇ ಕೊಡಬೇಕು. ಹೊದಿಕೆಗಳು ಆಯಾ ಸಂಚಿಕೆಯೊಡನೆಯೇ ಇರಲಿ. ಅಂಚನ್ನು ಸಮಮಾಡುವ ಆತುರದಲ್ಲಿ ಓದುಗರು ಬರೆದಿಟ್ಟ ಟಿಪ್ಪಣಿಗಳು ಕತ್ತರಿಗೆ ಸಿಕ್ಕದಿರಲಿ. ಹಾಳೆಗಳ ಪಕ್ಕಕ್ಕೆ ಒತ್ತಿ ಹೊಲಿದರೆ ಸಂಪುಟ ಅಗಲವಾಗಿ ತೆರೆಯುವುದಿಲ್ಲ. ಬಲವಂತವಾಗಿ ತೆರೆದರೆ, ಮರದ ತಿರುಳಿನಿಂದ ಮಾಡಿದ ಹಳೆಯ ಅಗ್ಗದ ಕಾಗದ ಹೊಲಿಗೆಯ ಗುಂಟ ಮುರಿಯುತ್ತದೆ. ಆದುದರಿಂದ ಮಡಿಕೆಯ ನಡುವೆ ದಾರ ಹಾಯಿಸುವುದು ಲೇಸು. ಮೈದಾ ಅಂಟಿಗೆ ಮೈಲುತುತ್ತ ಸೇರಿಸುವುದು ಹುಳು ಬಾರದಿರಲೆಂದು. ಅದು ಪುಟಗಳ ಮೇಲೆ ಹರಡಬಾರದು.

ನಡುವೆ ಒಂದೆರಡು ಸಂಚಿಕೆಗಳಿಲ್ಲದ ವರ್ಷವನ್ನು ಹೊಲಿಯಲೇಬಾರದು. ಇರುವ ಸಂಚಿಕೆಗಳನ್ನು ಎರಡು ರಟ್ಟುಗಳ ನಡುವೆ ಇರಿಸಿ, ಓಲೆಯ ಕಟ್ಟಿನಂತೆ ನೂಲುಪಟ್ಟಿಯಿಂದ ಸುತ್ತಿ, ಯಾವ ತಿಂಗಳಿನದು ಇಲ್ಲವೆಂದು ಚೀಟಿ ಬರೆದಿಡಬೇಕು. ಕಾಣೆಯಾದುದು ಯಾವುದೋ ಮನೆಯಿಂದ ಬಂದಾಗ ಅದರ ಎಡೆ ಅಲ್ಲಿ ತೆರೆದಿರುತ್ತದೆ.